ಹಿನ್ನೀರಿನ ಆಟಕ್ಕೆ ಯಾವ ಪ್ರಾಣಿಯನ್ನು ಕರೆಯಬೇಕು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಲಿಂಗನಮಕ್ಕಿ ಹಿನ್ನೀರಿಗಿಂತ ಒಳ್ಳೆಯ ರಂಗಸ್ಥಳ ನನಗೆ ಕಂಡಿಲ್ಲ. 1964ರಲ್ಲಿ ಅಣೆಕಟ್ಟೆ ಎದ್ದ ಮೇಲೆ ದ್ವೀಪಗಳಾದ ಗುಡ್ಡಗಳು, ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತುವ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ. ಕಥೆಗೆ ಇನ್ನೇನು ಬೇಕು? ನಿಸರ್ಗದ ಮಾಂತ್ರಿಕ ಡ್ರೂಯಿಡ್ ಪಾತ್ರ ಹಿಡಿದವರು ಪ್ರಾಣಿಗಳನ್ನು ಕರೆಸುವ 'ಕಾಂಜ್ಯೂರ್ ಅನಿಮಲ್ಸ್' ಮಂತ್ರ ಹಾಕುವಾಗ ಮಾತ್ರ ಲೆಕ್ಕ ತಪ್ಪುತ್ತಾರೆ.

ತಪ್ಪು ಕಲ್ಪನೆ: ದೊಡ್ಡ ಪ್ರಾಣಿಯೇ ಮೇಲು.
2014ರ ನಿಯಮದಂತೆ ಚಾಲೆಂಜ್ ರೇಟಿಂಗ್ (ಪ್ರಾಣಿಯ ಬಲದ ಅಳತೆ) 2ರ ಒಂದು ಪ್ರಾಣಿ ಬರುತ್ತದೆ. ಇಲ್ಲವೇ 1ರ ಎರಡು, ½ರ ನಾಲ್ಕು, ¼ರ ಎಂಟು. ಬಯಲಲ್ಲಿ ಎರಡು ಹುಲಿಗಿಂತ ಎಂಟು ತೋಳವೇ ಜೋರು. ಶತ್ರುವಿನ ಪಕ್ಕದಲ್ಲಿ ಜೊತೆಗಾರನಿದ್ದರೆ ಪ್ರತಿ ತೋಳಕ್ಕೂ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಹಿಡಿಯಬಹುದು. ಕಚ್ಚಿದ ಏಟಿಗೆ ಶತ್ರು ನೆಲಕ್ಕೆ ಬೀಳಲೂಬಹುದು. ಮಲೆನಾಡಿಗೆ ತೋಳ ಹೊಂದದು ಅನಿಸಿದರೆ ಅದೇ ಅಂಕಿಗಳನ್ನು ಸೀಳುನಾಯಿಗೆ ಕೊಡಿ, ಅದೂ ಹಿಂಡಿನಲ್ಲೇ ಬೇಟೆಯಾಡುವುದು. ಹಳೆಯ ಅಣೆಕಟ್ಟೆಯ ಒಳಗಿನ ಇಕ್ಕಟ್ಟಿನಲ್ಲಿ ಮಾತ್ರ ಎಂಟಕ್ಕೆ ಜಾಗವಿಲ್ಲ. ಅಲ್ಲಿ ಏಟು ತಡೆದುಕೊಳ್ಳುವ ಕರಡಿ ಬೇಕು.

ತಪ್ಪು ಕಲ್ಪನೆ: ಪ್ರಾಣಿಗಳನ್ನು ಕರೆಯುವುದು ಹೊಡೆದಾಟಕ್ಕೇ.
ಈ ಮಂತ್ರದ ನಿಜವಾದ ಸೊಗಸು ದೈತ್ಯ ಗೂಬೆಯಲ್ಲಿದೆ. ಅದೂ ¼ರದ್ದೇ, ಎಂಟು ಬರುತ್ತವೆ. ಒಂದೊಂದರ ಬೆನ್ನ ಮೇಲೆ ಒಬ್ಬೊಬ್ಬರು ಕೂರಬಹುದು. 2025ರಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚಿಗೆ ಕಾಯುತ್ತಿದ್ದರು. ನಿಮ್ಮ ಕಥೆ ಆ ಕಾಲದ್ದಾದರೆ ಲಾಂಚು ಹೊರಡುವ ಹೊಳೆಬಾಗಿಲಿನಲ್ಲಿ ಗೂಬೆ ಹತ್ತಿ. ಆರು ಸೆಕೆಂಡಿನ ಸುತ್ತಿಗೆ 60 ಅಡಿಯಂತೆ 2 ಕಿ.ಮೀ. ನೀರು ದಾಟಲು ಸುಮಾರು 11 ನಿಮಿಷ ಸಾಕು, ಮಂತ್ರ ಒಂದು ಗಂಟೆ ಇರುತ್ತದೆ. ಆದರೆ ಡ್ರೂಯಿಡ್‌ಗೆ ಬಾಣ ತಾಗಿ ಏಕಾಗ್ರತೆ ಮುರಿದರೆ ಎಂಟೂ ಒಟ್ಟಿಗೆ ಮಾಯ, ಎಲ್ಲರೂ ನೀರುಪಾಲು. ಡ್ರೂಯಿಡ್ ಅನ್ನು ಸಾಲಿನ ಮಧ್ಯದಲ್ಲಿಡಿ.

ತಪ್ಪು ಕಲ್ಪನೆ: ವಿಷದ ಹಾವು ಬಂದರೆ ಗೆದ್ದ ಹಾಗೆ.
ಆಗುಂಬೆಯ ಕಾಳಿಂಗವನ್ನು ನೆನೆದು ಹಾವು ಕೇಳುವವರು ತೀರ್ಥಹಳ್ಳಿ ಸೀಮೆಯಲ್ಲಿ ಇರುವುದು ಸಹಜ. ಆದರೆ ಆಟದಲ್ಲಿ ಎದುರಾಗುವ ಅಸ್ಥಿಪಂಜರ, ನಡೆದಾಡುವ ಹೆಣಗಳಿಗೆ ವಿಷ ತಾಗುವುದೇ ಇಲ್ಲ.

ತಪ್ಪು ಕಲ್ಪನೆ: ಕೇಳಿದ್ದೇ ಬರುತ್ತದೆ.
ಎಷ್ಟು ಪ್ರಾಣಿ ಎಂಬುದು ಆಟಗಾರರ ಆಯ್ಕೆ. ಯಾವ ಪ್ರಾಣಿ ಎಂಬುದು ಆಟ ನಡೆಸುವವರದ್ದು. ಮೊದಲೇ ಮಾತಾಡಿಕೊಳ್ಳಿ. 2024ರ ಪುಸ್ತಕದಲ್ಲಂತೂ ಇದೇ ಹೆಸರಿನ ಮಂತ್ರಕ್ಕೆ ಬರುವುದು ಬಿಡಿಬಿಡಿ ಪ್ರಾಣಿಗಳಲ್ಲ, ಶತ್ರುಗಳ ಮೇಲೆರಗುವ ಮಾಯಾಹಿಂಡು. ಅದರ ಬೆನ್ನೇರಿ ಹೊಳೆ ದಾಟಲಾಗದು.