ಹಳೇ ಜಿಪ್ಸಿಯ ಗೇರ್‌ಬಾಕ್ಸ್ ದೂರದ ಪ್ರಯಾಣಕ್ಕೆ ಆಗುತ್ತಾ?

ಹಳೇ ಫೋರ್ ವೀಲ್ ಡ್ರೈವ್ ಗಾಡಿ ನೋಡೋಕೆ ಹೋದರೆ ಎಲ್ಲರ ಕಣ್ಣು ಮೊದಲು ಹೋಗೋದು ಟೈರು, ತುಕ್ಕು, ಬಾನೆಟ್ ಒಳಗಿನ ಇಂಜಿನ್ ಕಡೆಗೆ. ಗೇರ್‌ಬಾಕ್ಸ್ ವಿಷಯಕ್ಕೆ ಬಂದರೆ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, "ಗೇರ್ ಎಲ್ಲಾ ಬೀಳ್ತಿದೆ, ಏನೂ ತೊಂದ್ರೆ ಇಲ್ಲ" ಅಂತ ಮುಗಿಸಿಬಿಡುತ್ತೇವೆ. ಊರೊಳಗೆ ಓಡಾಡೋಕೆ ಅಷ್ಟು ಸಾಕಾಗಬಹುದು. ಆದರೆ ಅದೇ ಗಾಡಿಯಲ್ಲಿ ನಾಲ್ಕು ಜನ ಲಗೇಜು ತುಂಬಿಕೊಂಡು ಸೆಮಿಸ್ಟರ್ ರಜೆಯಲ್ಲಿ ಪುಣೆಗೋ, ಅದರಾಚೆ ಲಡಾಖಿಗೋ ಹೊರಡುವುದಾದರೆ ಸಾಲದು. ದಿನಕ್ಕೆ ಎಂಟು ಹತ್ತು ಗಂಟೆ ಒಂದೇ ಗೇರಿನಲ್ಲಿ ಓಡುವುದು, ಘಾಟಿಯಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಯುವುದು, ಇವೆರಡೂ ಬೇರೆಯೇ ಪರೀಕ್ಷೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಗೇರ್‌ಗಳ ಅನುಪಾತ ಹೆದ್ದಾರಿಗೆ ಹೊಂದುತ್ತದೆಯೇ? ಒಳಗಿನ ಭಾಗಗಳ ಸ್ಥಿತಿ ಹೇಗಿದೆ? ಮೊದಲನೆಯದು ಹುಟ್ಟುಗುಣ, ಎರಡನೆಯದು ವಯಸ್ಸಿನ ಗುಣ. ಸ್ಥಿತಿ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು. ಅನುಪಾತ ಹೊಂದದಿದ್ದರೆ ಎಷ್ಟು ರಿಪೇರಿ ಮಾಡಿಸಿದರೂ ಗಾಡಿ ಹೆದ್ದಾರಿಯಲ್ಲಿ ಕಿರುಚುತ್ತಲೇ ಇರುತ್ತದೆ.

ನಮಗೆಲ್ಲ ಪರಿಚಯವಿರುವ ಮಾರುತಿ ಜಿಪ್ಸಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ಲೆಕ್ಕ

1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಇಂಜಿನ್, ನಾಲ್ಕು ಗೇರ್. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿ ಇಂಜಿನ್, ಐದು ಗೇರ್. ಕಿಂಗ್‌ನ ಅನುಪಾತಗಳು ಹೀಗಿವೆ: ಒಂದನೇ ಗೇರ್ 3.652, ಎರಡು 1.947, ಮೂರು 1.423, ನಾಲ್ಕು 1.000, ಐದು 0.795. ನಾಲ್ಕನೆಯದು ನೇರ ಸಂಪರ್ಕ, ಐದನೆಯದು ಓವರ್‌ಡ್ರೈವ್.

ಇಷ್ಟೇ ನೋಡಿದರೆ ಮಾಮೂಲಿ ಕಾರಿನ ಹಾಗೇ ಕಾಣುತ್ತದೆ. ಆದರೆ ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಆದ ಮೇಲೆ ಪ್ರತ್ಯೇಕವಾಗಿ ಒಂದು ಟ್ರಾನ್ಸ್‌ಫರ್ ಕೇಸ್ ಇದೆ. ಎಷ್ಟೋ ಗಾಡಿಗಳಲ್ಲಿ ಇದರ ಹೈ ರೇಂಜ್ ಅಂದರೆ 1:1. ಜಿಪ್ಸಿ ಕಿಂಗ್‌ನಲ್ಲಿ ಹೈ ಅಂದರೂ 1.409, ಲೋ ಅಂದರೆ 2.268. ಅಂದರೆ ಟೂ ವೀಲ್ ಡ್ರೈವ್‌ನಲ್ಲಿ ಹೋಗುವಾಗಲೂ ಇನ್ನೊಂದು ಜೊತೆ ಗೇರ್ ದಾಟಿಯೇ ಶಕ್ತಿ ಚಕ್ರಕ್ಕೆ ಹೋಗಬೇಕು. ಅದರ ಮೇಲೆ ಆಕ್ಸಲ್‌ನ ಕ್ರೌನ್-ಪಿನಿಯನ್. ಲೆಕ್ಕಕ್ಕೆ ಅದನ್ನು 3.909 ಅಂತ ಇಟ್ಟುಕೊಳ್ಳೋಣ.

ಐದನೇ ಗೇರಿನಲ್ಲಿ ಒಟ್ಟು ಅನುಪಾತ: 0.795 × 1.409 × 3.909 = 4.38. ನಾಲ್ಕನೇ ಗೇರಿನಲ್ಲಿ 5.51.

205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ., ಸುತ್ತಳತೆ 2.1 ಮೀಟರ್. ಗಂಟೆಗೆ 80 ಕಿ.ಮೀ. ಹೋಗುವಾಗ ಚಕ್ರ ನಿಮಿಷಕ್ಕೆ 635 ಸುತ್ತು ತಿರುಗುತ್ತದೆ. ಆಗ ಇಂಜಿನ್ ಐದನೇ ಗೇರಿನಲ್ಲಿ ಸುಮಾರು 2780 ಆರ್‌ಪಿಎಂ, ನಾಲ್ಕನೆಯದರಲ್ಲಿ 3500. ವೇಗ 100ಕ್ಕೆ ಏರಿದರೆ ಐದರಲ್ಲಿ 3480, ನಾಲ್ಕರಲ್ಲಿ 4370.

ಈ ವ್ಯತ್ಯಾಸ ದಾರಿಯುದ್ದಕ್ಕೂ ಎಷ್ಟಾಗುತ್ತೆ ನೋಡಿ. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿ.ಮೀ. ಐದನೇ ಗೇರ್ ಇಲ್ಲದೆ ಅಥವಾ ಕೆಟ್ಟುಹೋಗಿ ನಾಲ್ಕರಲ್ಲೇ ಹೋದರೆ ಇಂಜಿನ್ ಸುಮಾರು 4.5 ಲಕ್ಷ ಸುತ್ತು ಜಾಸ್ತಿ ತಿರುಗಬೇಕು. ಪೆಟ್ರೋಲು, ಶಾಖ, ಸದ್ದು, ಓಡಿಸುವವರ ಸುಸ್ತು ಎಲ್ಲವೂ ಅದರ ಜೊತೆಗೇ ಬರುತ್ತವೆ. ಹಾಗಾಗಿ ದೂರದ ಪ್ರಯಾಣಕ್ಕೆ ಗಾಡಿ ಹುಡುಕುವವರು ನಾಲ್ಕು ಗೇರಿನ ಹಳೇ ಜಿಪ್ಸಿಯ ಆಸೆ ಬಿಟ್ಟು ಐದು ಗೇರಿನ ಕಿಂಗ್ ಹುಡುಕುವುದೇ ವಾಸಿ. ಅದರಲ್ಲೂ 80ರ ಆಸುಪಾಸು ಹಾಯಾಗಿರುತ್ತದೆ. 100ರಲ್ಲಿ ದಿನವಿಡೀ ಓಡಿಸುವ ಗಾಡಿ ಇದಲ್ಲ.

ಹಾಗಂತ ಈ ಅನುಪಾತ ಕೆಟ್ಟ ವಿನ್ಯಾಸ ಅನ್ನೋ ಹಾಗಿಲ್ಲ. ಲೋ ರೇಂಜ್‌ನ ಒಂದನೇ ಗೇರಿನಲ್ಲಿ ಒಟ್ಟು ಅನುಪಾತ 32ಕ್ಕಿಂತ ಹೆಚ್ಚು. ಇಂಜಿನ್ 1000 ಆರ್‌ಪಿಎಂನಲ್ಲಿದ್ದಾಗ ಗಾಡಿ ಗಂಟೆಗೆ 4 ಕಿ.ಮೀ., ಅಂದರೆ ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತದೆ. ಮಲೆನಾಡಿನ ಎಸ್ಟೇಟ್ ದಾರಿಯಲ್ಲಿ ಅದನ್ನು ಕಾಪಾಡುವುದು ಇದೇ ಗುಣ.

ಕ್ರೌನ್ ಹಲ್ಲು ಎಣಿಸದೆ ಅನುಪಾತ ತಿಳಿಯೋದು

ಹಳೇ ಗಾಡಿಗಳಲ್ಲಿ ಹಿಂದಿನ ಮಾಲೀಕರು ಆಕ್ಸಲ್ ಬದಲಿಸಿರುವುದು ಉಂಟು. ಆದ್ದರಿಂದ 3.909 ಅಂತ ನಂಬಿ ಕೂರಬೇಡಿ, ಅಳೆಯಿರಿ. ಮಟ್ಟಸ ನೆಲದಲ್ಲಿ ನಿಲ್ಲಿಸಿ, ನೆಲದಲ್ಲಿರುವ ಮೂರೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ. ಅದೇ ನಿಮ್ಮ ಆಕ್ಸಲ್ ಅನುಪಾತ.

ಎರಡು ಸುತ್ತು ಯಾಕೆ? ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ತಿರುಗುವುದು ಎರಡು ಚಕ್ರಗಳ ಸರಾಸರಿಯಷ್ಟು. ಒಂದು ನಿಂತು ಇನ್ನೊಂದು ಎರಡು ಸುತ್ತಿದರೆ ಕ್ರೌನ್ ಒಂದು ಸುತ್ತು. ಗೇರ್ ಟ್ರೈನ್ ಪಾಠದಲ್ಲಿ ಟೇಬಲ್ ಹಾಕಿ ಮಾಡಿದ ಲೆಕ್ಕ ಇದೇ ತಾನೆ!

ಟೈರಿನ ಅಳತೆಯನ್ನೂ ನೋಡಿ. ವ್ಯಾಸ ಶೇಕಡ 10 ದೊಡ್ಡದಾದರೆ ಅದೇ ವೇಗಕ್ಕೆ ಆರ್‌ಪಿಎಂ ಸುಮಾರು ಶೇಕಡ 9 ಇಳಿಯುತ್ತದೆ. ಲಾಭ ಅನ್ನಿಸಬಹುದು. ಆದರೆ ಚಿಕ್ಕ ಇಂಜಿನ್‌ಗೆ ಎಳೆಯುವುದು ಕಷ್ಟವಾಗಿ, ಸಣ್ಣ ಏರಿಗೂ ನಾಲ್ಕಕ್ಕೆ ಇಳಿಸಬೇಕಾಗುತ್ತದೆ. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಆಮೇಲೆ ಕಿವಿ, ಕೈ, ಕಣ್ಣು

ಸ್ಥಿತಿ ತಿಳಿಯೋಕೆ ಗೇರ್‌ಬಾಕ್ಸ್ ಬಿಚ್ಚಬೇಕಿಲ್ಲ. ಶುರುವಿಗೆ ಕಿವಿ ಸಾಕು.

ಗಾಡಿ ನಿಂತಿರಲಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ. ಕ್ಲಚ್ ಬಿಟ್ಟಾಗ ಗೊರಗೊರ ಸದ್ದು ಬಂದು, ಒತ್ತಿದರೆ ನಿಂತರೆ ಇನ್‌ಪುಟ್ ಶಾಫ್ಟ್ ಅಥವಾ ಕೌಂಟರ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡಿ. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಅದು ಹೆಚ್ಚಾಗಿ ರಿಲೀಸ್ ಬೇರಿಂಗ್.

ಓಡುವಾಗ ನಾಲ್ಕನೇ ಗೇರಿನಲ್ಲಿ ಶಾಂತವಾಗಿದ್ದು ಉಳಿದವುಗಳಲ್ಲಿ ಗುಂಯ್‌ಗುಟ್ಟಿದರೆ ಕೌಂಟರ್ ಶಾಫ್ಟ್ ಕಡೆ ನೋಡಿ. ನಾಲ್ಕು ನೇರ ಸಂಪರ್ಕವಾದ್ದರಿಂದ ಆಗ ಕೌಂಟರ್ ಶಾಫ್ಟ್ ತಿರುಗುತ್ತಿದ್ದರೂ ಅದರ ಮೇಲೆ ಭಾರ ಇರುವುದಿಲ್ಲ. ಐದರಲ್ಲಿ ಪೂರ್ತಿ ಭಾರ ಅದರ ಮೂಲಕವೇ ಹೋಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ದುಡಿಯುವುದು ಅದೇ ಐದನೇ ಗೇರ್ ಅನ್ನೋದು ನೆನಪಿರಲಿ. ಟ್ರಾನ್ಸ್‌ಫರ್ ಕೇಸ್‌ನಿಂದ ಬರುವ ಸಣ್ಣ ಕೊರೆತದ ಸದ್ದು ಮಾತ್ರ ಜಿಪ್ಸಿಗೆ ಸಹಜ.

ಎರಡನೆಯದು ಗೇರ್ ಹಾರುವ ಪರೀಕ್ಷೆ. ಖಾಲಿ ರಸ್ತೆಯಲ್ಲಿ, ಇಳಿಜಾರಿದ್ದರೆ ಇನ್ನೂ ಒಳ್ಳೆಯದು, ಪ್ರತಿ ಗೇರಿನಲ್ಲೂ ಆಕ್ಸಿಲರೇಟರ್ ಒತ್ತಿ ತಟ್ಟನೆ ಕಾಲು ತೆಗೆಯಿರಿ. ಲಿವರ್ ಮೇಲೆ ಕೈ ಇಡಬೇಡಿ. ಲಿವರ್ ತಾನಾಗೇ ನ್ಯೂಟ್ರಲ್‌ಗೆ ಜಾರಿದರೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಇಳಿಜಾರಿನ ನಡುವೆ ಇಂಜಿನ್ ಹಿಡಿತ ತಪ್ಪಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ, ಬ್ರೇಕ್ ಕಾದರೆ ಮುಂದೆ ದಾರಿಯಿಲ್ಲ.

ಮೂರನೆಯದು, ಮೂರರಿಂದ ಎರಡಕ್ಕೆ ಬೇಗ ಇಳಿಸಿ ನೋಡಿ. ಕರಕರ ಅಂದರೆ ಸಿಂಕ್ರೊನೈಸರ್ ರಿಂಗ್ ಸವೆದಿದೆ. ಇದಕ್ಕೆ ಎಲ್ಲರೂ ಗಾಬರಿಯಾಗುತ್ತಾರೆ, ಆದರೆ ಪಟ್ಟಿಯಲ್ಲಿ ಕಡಿಮೆ ಅಪಾಯದ್ದು ಇದೇ. ಡಬಲ್ ಕ್ಲಚ್ ಮಾಡಿ ಓಡಿಸಬಹುದು, ಹೆದ್ದಾರಿಯಲ್ಲಿ ಗೇರ್ ಬದಲಿಸುವುದೂ ಕಡಿಮೆ.

ಈ ಮೂರೂ ಪರೀಕ್ಷೆಗಳನ್ನು 50 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಮಾಡಿ. ತಣ್ಣಗಿದ್ದಾಗ ದಪ್ಪ ಆಯಿಲ್ ಮುಚ್ಚಿಟ್ಟ ಸದ್ದು, ಬಿಸಿಯಾದಾಗ ಹೊರಗೆ ಬರುತ್ತದೆ.

ಕೊನೆಗೆ ಆಯಿಲ್ ಇಳಿಸಿ ಕಣ್ಣಾರೆ ನೋಡಿ. ಚಿನ್ನದ ಬಣ್ಣದ ಪುಡಿ ಹೊಳೆದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಆಯಸ್ಕಾಂತಕ್ಕೆ ಉಕ್ಕಿನ ಚೂರುಗಳು ಅಂಟಿಕೊಂಡರೆ ಹಲ್ಲೋ ಬೇರಿಂಗೋ ಉದುರುತ್ತಿದೆ. ನುಣ್ಣನೆ ಬೂದು ಪೇಸ್ಟ್ ಸ್ವಲ್ಪ ಇದ್ದರೆ ಮಾಮೂಲಿ ಸವೆತ. ಹಾಲು ಬೆರೆಸಿದ ಹಾಗಿದ್ದರೆ ನೀರು ಹೊಕ್ಕಿದೆ, ಹೊಳೆ ದಾಟಿದ ಗಾಡಿ ಇರಬಹುದು. ಹೊಸ ಆಯಿಲ್ ಹಾಕುವಾಗ ಮ್ಯಾನುಯಲ್ ಹೇಳಿದ ದರ್ಜೆಯನ್ನೇ ಹಾಕಿ. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ "ಇದು ಇನ್ನೂ ಒಳ್ಳೇದು ಸಾರ್" ಅಂತ ಜಿಎಲ್-5 ಸುರಿಯಲು ಬಿಡಬೇಡಿ.

ಹೋಗೋದಾ, ಬೇಡವಾ?

ಐದು ಗೇರ್ ಇದ್ದು, ಬರೀ ಎರಡನೇ ಗೇರಿನ ಸಿಂಕ್ರೊ ಸವೆದಿದ್ದರೆ ಆಯಿಲ್ ಬದಲಿಸಿ ಹೊರಡಬಹುದು. ಬೇರಿಂಗ್ ಸದ್ದಿದ್ದರೆ ಮೊದಲು ಗೇರ್‌ಬಾಕ್ಸ್ ಇಳಿಸಿ ರಿಪೇರಿ, ಆಮೇಲೆ ಪ್ರಯಾಣ. ಗೇರ್ ಹಾರುತ್ತಿದ್ದರೆ ಅಥವಾ ಆಯಿಲ್‌ನಲ್ಲಿ ಉಕ್ಕಿನ ಚೂರು ಸಿಕ್ಕರೆ, ಸರಿಯಾಗುವವರೆಗೆ ಪಕ್ಕದ ಊರಿಗೂ ಬೇಡ. ಯಾವುದೇ ರಿಪೇರಿ ಆದ ಮೇಲೂ ನೇರವಾಗಿ ಲಡಾಖಿಗೆ ಹೊರಡದೆ, ಪೂರ್ತಿ ಲಗೇಜಿನೊಂದಿಗೆ 300 ಕಿ.ಮೀ. ಒಂದು ದಿನ ಸುತ್ತಿ ಬಂದು, ಗಾಡಿ ಕೆಳಗೆ ಆಯಿಲ್ ಸೋರಿದೆಯಾ ಅಂತ ಬಗ್ಗಿ ನೋಡಿ. ಮನೆ ಹತ್ತಿರ ಕೆಟ್ಟರೆ ಒಂದು ದಿನ ಹಾಳು, ಅಷ್ಟೇ. ಪರಿಚಯದ ಮೆಕ್ಯಾನಿಕ್ ಅಣ್ಣ ಫೋನ್ ಮಾಡಿದರೆ ಬರ್ತಾರೆ.