ಬೇನೆಯ ಹೊತ್ತಿಗೆ ಪಕ್ಕದಲ್ಲಿ ಕೂರುವವರು

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿಗೆ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತರು, ನಾಲ್ಕನ್ನು ಎಳವೆಯಲ್ಲೇ ಕಳೆದುಕೊಂಡರು. ಅಜ್ಜಿ ಮರಿಗೆಮ್ಮನ ಜೊತೆ ಓಡಾಡುತ್ತಾ ಹೆರಿಗೆ ಮಾಡಿಸುವುದನ್ನು ಕಲಿತರು. ಕೂಲಿ ಮಾಡಿ ಮನೆ ನಡೆಸುತ್ತಲೇ, ಕರೆ ಬಂದ ಮನೆಗೆಲ್ಲ ಹೋಗಿ ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಒಂದಕ್ಕೂ ಕಾಸು ಮುಟ್ಟಿದವರಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ, ಸೂಲಗಿತ್ತಿ ನರಸಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು.

ಅದೇ ತಿಂಗಳು ದೆಹಲಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿದವರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ಸಹಜ ಹೆರಿಗೆಯ ಪೂರ್ತಿ ಹೊಣೆ ಹೊರಬಲ್ಲ ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಎಂಬ ಹೊಸ ವರ್ಗವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಳೆಸುವುದು ಅದರ ಉದ್ದೇಶ. ಊರ ಸೂಲಗಿತ್ತಿಯ ಕಾಲ ಮುಗಿಯುತ್ತಾ ಬಂದ ಹೊತ್ತಿಗೆ, ಅವಳ ಕಸುಬಿನ ತಿರುಳು ಆಸ್ಪತ್ರೆಗೆ ಬೇಕು ಎಂದು ಸರ್ಕಾರಕ್ಕೂ ಅನ್ನಿಸಿತ್ತು.

ಆ ತಿರುಳು ಯಾವುದು? ಸೂಲಗಿತ್ತಿಯ ಕೆಲಸ ಮಗುವನ್ನು ಹಿಡಿಯುವುದಷ್ಟೇ ಆಗಿರಲಿಲ್ಲ. ತಿಂಗಳು ತುಂಬುತ್ತಾ ಬಂದಂತೆ ಬಸುರಿಯ ಹೊಟ್ಟೆ ಮುಟ್ಟಿ, ಮಗುವಿನ ತಲೆ ಎಲ್ಲಿದೆ, ತಿರುಗಿದೆಯೇ ಎಂದು ನೋಡುತ್ತಿದ್ದಳು. ಬೇನೆ ಶುರುವಾದರೆ ಹಗಲೋ ರಾತ್ರಿಯೋ ಬಂದು ಕೂರುತ್ತಿದ್ದಳು. ಬೆನ್ನು ನೀವುವುದು, ಕೈ ಹಿಡಿದು ಅಂಗಳದಲ್ಲಿ ಓಡಾಡಿಸುವುದು, ಗಂಜಿ ಕುಡಿಸುವುದು, ‘ಇನ್ನೇನು ಆಗೇ ಹೋಯ್ತು ಕಣವ್ವ’ ಎಂದು ಧೈರ್ಯ ತುಂಬುವುದು ಎಲ್ಲವೂ ಅವಳದೇ. ಹೆರುವವಳು ಅಂಗಾತ ಮಲಗಬೇಕೆಂಬ ಕಟ್ಟುಪಾಡು ಇರಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ಮಂಡಿಯೂರಿ, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಹೆತ್ತವರುಂಟು. ಕಸ (ಮಾಸು) ಬಿದ್ದ ಮೇಲೆಯೇ ಹೊಕ್ಕುಳಬಳ್ಳಿ ಕೊಯ್ಯುವ ರೂಢಿ ಹಲವು ಕಡೆ ಇತ್ತು.

ಇವುಗಳಲ್ಲಿ ಕೆಲವನ್ನು ವೈದ್ಯವಿಜ್ಞಾನ ತಡವಾಗಿ ಒಪ್ಪಿಕೊಂಡಿದೆ. ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸಬೇಡಿ, ಕನಿಷ್ಠ ಒಂದು ನಿಮಿಷ ಕಾಯಿರಿ, ಮಗುವಿಗೆ ಇನ್ನಷ್ಟು ರಕ್ತ ಹರಿಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇನೆ ತಿನ್ನುವವಳು ಓಡಾಡಲಿ, ಯಾವ ಭಂಗಿಯಲ್ಲಿ ಹೆರಬೇಕೆಂಬುದನ್ನು ಅವಳೇ ಆರಿಸಿಕೊಳ್ಳಲಿ, ಅವಳಿಗೆ ಬೇಕಾದವರು ಜೊತೆಗಿರಲಿ ಎಂದು 2018ರ ಅದರ ಶಿಫಾರಸುಗಳು ಹೇಳುತ್ತವೆ.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹರಿದರೆ ಎಂಥ ನುರಿತ ಸೂಲಗಿತ್ತಿಗೂ ಮಾಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ‘ನಂಜು’ ಎನ್ನುತ್ತಿದ್ದರು, ದೇವರಿಗೆ ಹರಕೆ ಹೊರುತ್ತಿದ್ದರು. ಮಗು ಅಡ್ಡ ನಿಂತರೆ ತಾಯಿ, ಮಗು ಇಬ್ಬರನ್ನೂ ಕಳೆದುಕೊಂಡ ಮನೆಗಳಿದ್ದವು. ಕುಡುಗೋಲಿನಿಂದ ಬಳ್ಳಿ ಕೊಯ್ದು ಬೂದಿ ಹಚ್ಚಿದ್ದರಿಂದ ಧನುರ್ವಾಯು ತಗುಲಿ ಸತ್ತ ಹಸುಗೂಸುಗಳಿಗೆ ಲೆಕ್ಕವಿಲ್ಲ. ಬಸುರಿಯರಿಗೆ ಟಿ.ಟಿ. ಚುಚ್ಚುಮದ್ದು ಹಾಕಿ, ಸೂಲಗಿತ್ತಿಯರಿಗೆ ಹೊಸ ಬ್ಲೇಡು, ಶುದ್ಧ ದಾರ, ತೊಳೆದ ಕೈಯ ಪಾಠ ಹೇಳಿಕೊಟ್ಟು, ಹೆರಿಗೆಗಳನ್ನು ಆಸ್ಪತ್ರೆಗೆ ತಂದ ಮೇಲಷ್ಟೇ, 2015ರಲ್ಲಿ, ಭಾರತ ಈ ಪಿಡುಗನ್ನು ನಿವಾರಿಸಿದ ದೇಶಗಳ ಸಾಲಿಗೆ ಸೇರಿತು.

ಹೆರಿಗೆಯನ್ನು ಆಸ್ಪತ್ರೆಗೆ ಒಯ್ದದ್ದು ಸರಿಯಾದ ಕೆಲಸ. 2005ರ ಜನನಿ ಸುರಕ್ಷಾ ಯೋಜನೆ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, 108ರ ಆಂಬುಲೆನ್ಸ್, ಕೈಗೊಂದು ತಾಯಿ ಕಾರ್ಡ್ ಎಲ್ಲ ಸೇರಿ ಇದನ್ನು ಸಾಧಿಸಿದವು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ಹತ್ತರಲ್ಲಿ ನಾಲ್ಕು ಹೆರಿಗೆಗಳೂ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. 2019–21ರ ಸಮೀಕ್ಷೆಯಲ್ಲಿ ಅದು ಶೇ 97ಕ್ಕೆ ಮುಟ್ಟಿತು. ಒಂದು ಲಕ್ಷ ಜೀವಂತ ಜನನಕ್ಕೆ 2001–03ರಲ್ಲಿ 228ರಷ್ಟಿದ್ದ ತಾಯಂದಿರ ಸಾವು 2018–20ರಲ್ಲಿ 69ಕ್ಕೆ ಇಳಿಯಿತು. ಆದರೂ ದಕ್ಷಿಣದ ರಾಜ್ಯಗಳಲ್ಲಿ ಇದೇ ಅತಿ ಹೆಚ್ಚು. ಅದೇ ಅವಧಿಯಲ್ಲಿ ಕೇರಳದ್ದು 19.

ಈ ದೊಡ್ಡ ಬದಲಾವಣೆಯ ನಡುವೆ ಒಂದು ಸಂಗತಿ ಕೈತಪ್ಪಿಹೋಯಿತು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹೆರುವವಳು ಒಂಟಿಯಾದಳು. ಅವ್ವ, ಅತ್ತೆ, ಅಕ್ಕ ಎಲ್ಲರೂ ವರಾಂಡದಲ್ಲಿ. ಒಳಗೆ ಒಬ್ಬ ನರ್ಸ್‌ಗೆ ಹಲವು ಬಸುರಿಯರು, ಬರೆದು ಮುಗಿಸಬೇಕಾದ ರಿಜಿಸ್ಟರ್‌ಗಳು ಬೇರೆ. ಅಂಗಾತ ಮಲಗು, ಕೂಗಬೇಡ, ತಡಕೋ. ಹೆರಿಗೆ ಕೋಣೆಯಲ್ಲಿ ಬೈಸಿಕೊಂಡದ್ದನ್ನು ಮಕ್ಕಳು ಮದುವೆಗೆ ಬಂದ ಮೇಲೂ ಮರೆಯದ ತಾಯಂದಿರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಕೆಲಸದ ಒತ್ತಡ ಇದಕ್ಕೆ ಕಾರಣವಿರಬಹುದು, ಸಮರ್ಥನೆಯಾಗಲಾರದು.

ಜೊತೆಗಿರುವುದನ್ನು ಬರೀ ಸಾಂತ್ವನವೆಂದು ತಳ್ಳಿಹಾಕುವಂತಿಲ್ಲ. 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಾಮರ್ಶೆ ಇದನ್ನು ಸ್ಪಷ್ಟಪಡಿಸಿದೆ. ಬೇನೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದರೆ ಬೇನೆಯ ಅವಧಿ ತಗ್ಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ಬಗ್ಗೆ ಕಹಿ ನೆನಪೂ ಕಡಿಮೆ. ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015–16ರ ಶೇ 23.6ರಿಂದ 2019–21ರಲ್ಲಿ ಶೇ 31.5ಕ್ಕೆ ಏರಿರುವಾಗ ಇದು ಸಣ್ಣ ಮಾತಲ್ಲ. ಬೇಕಾದ ಕಡೆ ಸಿಸೇರಿಯನ್ ಜೀವ ಉಳಿಸುತ್ತದೆ. ಬೇಡದ ಕಡೆ ಹೊಟ್ಟೆ ಕೊಯ್ದರೆ ಆ ನೋವು, ಆ ಅಪಾಯ ಮುಂದಿನ ಬಸಿರಿಗೂ ಸಾಗುತ್ತದೆ.

ಹೊಸ ಮಿಡ್‌ವೈಫ್ ಬರಬೇಕಾದದ್ದು ಇಲ್ಲಿಗೆ. ಅವರು ಹೆರಿಗೆ ವಾರ್ಡಿನ ಸಾಮಾನ್ಯ ನರ್ಸ್ ಅಲ್ಲ, ಪ್ರಸೂತಿ ತಜ್ಞರ ಬದಲಿಯೂ ಅಲ್ಲ. ತೊಡಕಿಲ್ಲದ ಬಸಿರನ್ನು ಮೊದಲ ತಪಾಸಣೆಯಿಂದ ಬಾಣಂತನದವರೆಗೆ ತಾವೇ ನೋಡಿಕೊಳ್ಳುತ್ತಾರೆ. ಮಗುವಿನ ಎದೆಬಡಿತ ಕೇಳುತ್ತಾ, ಗರ್ಭಕೊರಳು ಎಷ್ಟು ತೆರೆದಿದೆ ಎಂದು ಗಮನಿಸುತ್ತಾ ಜೊತೆಗಿರುತ್ತಾರೆ, ಅವಸರ ಮಾಡುವುದಿಲ್ಲ. ಮಗು ಬಂದ ಕೂಡಲೇ ಗರ್ಭಕೋಶ ಬಿಗಿಯಲೆಂದು ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ರಕ್ತ ಹೆಚ್ಚು ಹೋದರೆ, ಒತ್ತಡ ಏರಿದರೆ, ಕೂಸು ಉಸಿರಾಡದಿದ್ದರೆ ಮೊದಲ ಚಿಕಿತ್ಸೆ ಶುರುಮಾಡಿ ವೈದ್ಯರನ್ನು ಕರೆಸುತ್ತಾರೆ. ಯಾವ ಗಳಿಗೆಯಲ್ಲಿ ಕರೆಸಬೇಕೆಂದು ತಿಳಿದಿರುವುದೇ ಈ ವಿದ್ಯೆಯ ಅತಿ ಕಷ್ಟದ ಪಾಠ.

ಪಕ್ಕದ ತೆಲಂಗಾಣ ಇದರಲ್ಲಿ ಮೊದಲ ಹೆಜ್ಜೆ ಇಟ್ಟಿತು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯಲ್ಲಿ ಡಾ. ಎವಿಟಾ ಫರ್ನಾಂಡಿಸ್ 2011ರಲ್ಲೇ ಮಿಡ್‌ವೈಫ್‌ಗಳನ್ನು ತಯಾರು ಮಾಡತೊಡಗಿದ್ದರು. 2017ರಲ್ಲಿ ಆ ಸಂಸ್ಥೆ ಮತ್ತು ಯುನಿಸೆಫ್ ಜೊತೆಗೂಡಿ ತೆಲಂಗಾಣ ಸರ್ಕಾರ ಕರೀಂನಗರದಲ್ಲಿ ತನ್ನ ನರ್ಸ್‌ಗಳಿಗೆ ತರಬೇತಿ ಆರಂಭಿಸಿತು. 2019–21ರ ಸಮೀಕ್ಷೆಯಲ್ಲಿ ಅಲ್ಲಿನ ಹೆರಿಗೆಗಳಲ್ಲಿ ಶೇ 60.7 ಸಿಸೇರಿಯನ್, ದೇಶದಲ್ಲೇ ಅತಿ ಹೆಚ್ಚು. ಅಂಥ ರಾಜ್ಯಕ್ಕೆ ಬೇರೆ ದಾರಿಯೂ ಇರಲಿಲ್ಲ. ಕರ್ನಾಟಕ ಆ ಅಂಕಿ ಮುಟ್ಟುವವರೆಗೆ ಕಾಯಬೇಕಿಲ್ಲ.

ಬಾಣಂತನದ ವಿಷಯ ಬಂದರೆ ನಮ್ಮವರು ಹಿಂದೆ ಬಿದ್ದವರಲ್ಲ. ತವರಿಗೆ ಕರೆಸಿ, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಹೊಟ್ಟೆ ಕಟ್ಟಿ, ಉತ್ತರ ಕರ್ನಾಟಕದಲ್ಲಾದರೆ ಅಂಟಿನುಂಡೆ, ಅಳವಿ ಪಾಯಸ ಮಾಡಿಕೊಟ್ಟು ತಿಂಗಳುಗಟ್ಟಲೆ ಹೆತ್ತವಳನ್ನು ಕೆಲಸದಿಂದ ದೂರ ಇಡುವ ಪದ್ಧತಿ ಇಂದಿಗೂ ಉಳಿದಿದೆ. ಈ ವಿಶ್ರಾಂತಿ ದೊಡ್ಡ ವರ. ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡು ನೀರೆರೆಯುವ ಅಜ್ಜಿಯ ಕೈಗಳಲ್ಲಿ ಕಲಿಯುವಂಥದ್ದು ಬಹಳ ಇದೆ. ಬಿಡಬೇಕಾದವೂ ಇವೆ. ಮೊದಲ ಗಿಣ್ಣು ಹಾಲನ್ನು ಹಿಂಡಿ ಚೆಲ್ಲುವುದು, ಶೀತವಾಗುತ್ತದೆಂದು ಬಾಣಂತಿಗೆ ನೀರು ಕೊಡದಿರುವುದು, ಗಾಳಿಯಾಡದ ಕೋಣೆಯಲ್ಲಿ ಹೊಗೆ ಹಾಕುವುದು ಇವೆಲ್ಲ ತಾಯಿ ಮಗುವಿಗೆ ಕೇಡು. ಬಾಣಂತಿ ಮಂಕಾಗಿ ಕೂತರೆ, ಕಾರಣವಿಲ್ಲದೆ ಅತ್ತರೆ, ಕೂಸನ್ನು ಎತ್ತಿಕೊಳ್ಳಲು ಒಲ್ಲೆ ಎಂದರೆ ಅದು ಸೊಕ್ಕೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ.

ಮನೆಯಲ್ಲಿ ಬಸುರಿಯಿದ್ದರೆ ಒಂದೆರಡು ಸಂಗತಿ ತಿಳಿದಿರಲಿ. ಹೆರಿಗೆಯ ಹೊತ್ತಿಗೆ ಒಬ್ಬ ಹೆಂಗಸನ್ನು ಜೊತೆಗಿರಿಸಿಕೊಳ್ಳಲು ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಕೇಂದ್ರ ಸರ್ಕಾರದ ಅನುಮತಿ ಇದೆ, ಕೇಳಿ ಪಡೆಯಿರಿ. ಆಸ್ಪತ್ರೆಯಲ್ಲಿ ಹೆತ್ತ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು, ಬಾರದಿದ್ದರೆ ಕರೆಸಿ. ಎಡೆಬಿಡದೆ ರಕ್ತ ಹೋದರೆ, ಜ್ವರ ಬಂದರೆ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾದರೆ ಮನೆಮದ್ದು ಮಾಡುತ್ತಾ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ.