ಮುತ್ಯಾನ ಕಿರ್ದಿಗೆ ಹೊದಿಸಿದ ನವೆಂಬರ್ 1

ಹೋದ ದೀಪಾವಳಿಗೆ ನಮ್ಮ ದುಧನಿ ಅಂಗಡಿಯ ಅಟ್ಟ ಝಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂಲೆಯ ಟ್ರಂಕಿನಲ್ಲಿ ಮುತ್ಯಾನ ಕಾಲದ ಕಿರ್ದಿ ಪುಸ್ತಕಗಳು ಸಿಕ್ಕವು. ಒಂದಕ್ಕೆ, ಕೆಂಪು ಅರಿವೆಯ ರಟ್ಟು ಮಾಸಬಾರದೆಂದು, ಸುದ್ದಿಪತ್ರಿಕೆಯ ಹೊದಿಕೆ ಹಾಕಿ ಹಿಟ್ಟಿನ ಅಂಟಿನಿಂದ ಮೆತ್ತಿದ್ದರು. ಪತ್ರಿಕೆಯ ಹೆಸರನ್ನು ಹುಳ ತಿಂದಿದೆ. ತಾರೀಖು ಮಾತ್ರ ಉಳಿದಿದೆ: 1956ರ ನವೆಂಬರ್ 1, ಗುರುವಾರ.

ಪತ್ರಿಕೆ ಆಗ ಹುಬ್ಬಳ್ಳಿ ಬಿಟ್ಟು, ಗದಗ, ವಿಜಾಪುರದ ಮೇಲೆ ಸಣ್ಣ ಗಾಡಿಯಲ್ಲಿ ಹೋಟಗಿಗೆ ಬಂದು, ಅಲ್ಲಿ ದೊಡ್ಡ ಗಾಡಿ ಹತ್ತಿ ನಮ್ಮೂರು ಮುಟ್ಟುವಷ್ಟರಲ್ಲಿ ಒಂದು ದಿನದ ತಂಗಳು ಆಗಿರುತ್ತಿತ್ತು. ಆ ವರ್ಷ ನವೆಂಬರ್ 2ಕ್ಕೆ ಅಮಾವಾಸ್ಯೆ, ಲಕ್ಷ್ಮೀಪೂಜೆ. ಮರುದಿನ ಪಾಡ್ಯಕ್ಕೆ ಹೊಸ ಕಿರ್ದಿ. ಕೈಗೆ ಸಿಕ್ಕ ಕಾಗದ ಅದೇ ಆದ್ದರಿಂದ, ಚರಿತ್ರೆಗೆ ಅಂಟು ಬಳಿಯುವ ಯೋಗ ಮುತ್ಯಾನಿಗೆ ಬಂತು.

ಮುಖಪುಟದ ದೊಡ್ಡ ಸುದ್ದಿ ಹೊಸ ಮೈಸೂರು ರಾಜ್ಯದ್ದು. ಜಯಚಾಮರಾಜ ಒಡೆಯರು ರಾಜ್ಯಪಾಲರು, ನಿಜಲಿಂಗಪ್ಪನವರು ಮುಖ್ಯಮಂತ್ರಿ. ಮುಂಬಯಿ ರಾಜ್ಯದ ವಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನ ಗುಲಬರ್ಗಾ, ರಾಯಚೂರು, ಬೀದರ, ಮದ್ರಾಸಿನ ದಕ್ಷಿಣ ಕನ್ನಡ, ಜೊತೆಗೆ ಕೊಡಗು. ಕನ್ನಡಿಗರೆಲ್ಲ ಒಂದಾದರು ಎಂಬ ಸಂಭ್ರಮ. ಪಕ್ಕದಲ್ಲಿ ಒಂದು ನಕಾಶೆ. ಮುತ್ಯಾ ಹಾಕಿದ ಮಡಿಕೆ ಸರಿಯಾಗಿ ಭೀಮಾ ಹೊಳೆಯ ಮೇಲೇ ಬಿದ್ದಿದೆ! ಇಂಡಿ ತಾಲೂಕು ರಟ್ಟಿನ ಮೇಲೆ ಮೆರೆಯುತ್ತಿದೆ. ಅಕ್ಕಲಕೋಟ ಒಳಕ್ಕೆ ಸೇರಿ ಅಂಟಿನಲ್ಲಿ ಮುಚ್ಚಿಹೋಗಿದೆ. ರಾಜ್ಯ ಪುನರ್ವಿಂಗಡಣೆ ಆಯೋಗದ ಮೂವರು ದೊಡ್ಡವರು ಮಾಡಿದ್ದನ್ನೇ ನಮ್ಮ ಮುತ್ಯಾ ಒಂದು ಕತ್ತರಿಯಿಂದ ಮಾಡಿದ್ದ.

ಹಿಂದಿನ ದಿನದವರೆಗೆ ಇಂಡಿಯೂ ಅಕ್ಕಲಕೋಟವೂ ಮುಂಬಯಿ ರಾಜ್ಯದಲ್ಲೇ ಇದ್ದವು. ಗುರುವಾರ ಬೆಳಗಾಗುವಷ್ಟರಲ್ಲಿ ಇಂಡಿ ಮೈಸೂರಿಗೆ ಹೋಯಿತು, ನಾವು ಇದ್ದಲ್ಲೇ ಉಳಿದೆವು. ಸೊಲ್ಲಾಪುರ, ಜತ್ತದವರದೂ ಅದೇ ಪಾಡು. ಕಾಸರಗೋಡಿನವರು ಮದ್ರಾಸು ಬಿಟ್ಟು ಕೇರಳಕ್ಕೆ ಸೇರಿದರು. ಕೊಳ್ಳೇಗಾಲ ಮೈಸೂರಿಗೆ ಬಂತು, ಪಕ್ಕದ ತಾಳವಾಡಿ ಬರಲಿಲ್ಲ. ಆದವಾನಿ, ರಾಯದುರ್ಗದವರಿಗೆ ಇದೆಲ್ಲ ಹಳೆಯ ಅನುಭವ. ಅವರು 1953ರ ಅಕ್ಟೋಬರ್ 1ರಂದೇ ಆಂಧ್ರದವರಾಗಿದ್ದರು.

ಅದೇ ಪುಟದಲ್ಲಿ ಜಗತ್ತಿನ ಸುದ್ದಿಯೂ ಉಂಟು. ಬ್ರಿಟಿಷ್ ವಿಮಾನಗಳು ಈಜಿಪ್ತದ ಮೇಲೆ ಬಾಂಬು ಹಾಕಿದವು, ಸೂಯೆಜ್ ಕಾಲುವೆಗೆ ಗಂಡಾಂತರ. ಇದನ್ನು ಓದಿದ ಮುತ್ಯಾ, "ಆ ಕಾಲುವಿ ಎಲ್ಲೈತೋ ನನಗ ಗೊತ್ತಿಲ್ಲ, ಚಿಮಣಿ ಎಣ್ಣಿ ಡಬ್ಬಿ ಎರಡು ಹೆಚ್ಚಿಗಿ ತಗೊಂಡಿಡು" ಅಂದಿದ್ದನಂತೆ. ಅಪ್ಪ ಇದನ್ನು ಹೇಳಿದಾಗಲೆಲ್ಲ ನಾವು ನಗುತ್ತಿದ್ದೆವು. ಕಿರ್ದಿ ತೆರೆದು ನೋಡಿದರೆ ಎರಡು ಡಬ್ಬಿಯ ಖರ್ಚು ನಿಜವಾಗಿಯೂ ಬಿದ್ದಿದೆ. ಕಾಲುವೆಯಲ್ಲಿ ಹಡಗು ಮುಳುಗಿಸಿ ದಾರಿ ಕಟ್ಟಿದ್ದು, ಅದು ಮತ್ತೆ ತೆರೆದದ್ದು 1957ರ ಏಪ್ರಿಲ್‌ನಲ್ಲಿ. ಮುತ್ಯಾನ ಅಂದಾಜು ತಪ್ಪಿರಲಿಲ್ಲ.

ಕೆಳಗೆ ಹಂಗೇರಿಯ ಸುದ್ದಿ: ಬುಡಾಪೆಸ್ಟಿನಿಂದ ರಷ್ಯದ ದಂಡು ಹಿಂದೆ ಸರಿಯುತ್ತಿದೆ. ಓದುವವರಿಗೆ ಸಮಾಧಾನ ಆಗಿರಬೇಕು. ಆದರೆ ನವೆಂಬರ್ 4ಕ್ಕೇ ಟ್ಯಾಂಕುಗಳು ತಿರುಗಿ ಬಂದವು. ಮುತ್ಯಾನ ಅಂಟು ಆರುವ ಮೊದಲೇ ಸುದ್ದಿ ಸುಳ್ಳಾಗಿತ್ತು.

ಆಟದ ಸುದ್ದಿ ಬೆನ್ನಿನ ಕಡೆ. ಮುಂಬಯಿಯಲ್ಲಿ ಆಸ್ಟ್ರೇಲಿಯದ ಕೂಡ ಅಕ್ಟೋಬರ್ 26ಕ್ಕೆ ಶುರುವಾದ ಟೆಸ್ಟ್ 31ಕ್ಕೆ ಮುಗಿದು, ಸೋಲಿಲ್ಲ, ಗೆಲುವಿಲ್ಲ. ಗಡಿ ತಂಟೆಗೂ ಇದೇ ತಲೆಬರಹ ಹೊಂದೀತು. 1966ರಲ್ಲಿ ಮಹಾಜನ ಆಯೋಗ ಕೂತಿತು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ 44 ಹಳ್ಳಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಬರೆಯಿತು. ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕ್ರಿಕೆಟ್ಟಿನಲ್ಲಾದರೂ ಆರನೆಯ ದಿನ ಆಟಗಾರರು ಮನೆಗೆ ಹೋಗುತ್ತಾರೆ.

ನಗುವಿನ ನಡುವೆ ಒಂದು ಕಡೆ ನನ್ನ ಕೈ ನಿಂತಿತು. ದೊಡ್ಡ ತಲೆಬರಹದ ಪಕ್ಕದ ಖಾಲಿ ಜಾಗದಲ್ಲಿ ಮುತ್ಯಾ ಪೆನ್ಸಿಲಿನಿಂದ ಒಂದೇ ಮಾತು ಬರೆದಿದ್ದಾನೆ: "ನಾವು?" ಸಂಭ್ರಮದ ಸುದ್ದಿಯನ್ನು ಕನ್ನಡದಲ್ಲೇ ಓದಿದವನು, ಆ ಸಂಭ್ರಮದ ಹೊರಗೆ ಉಳಿದವನು. ಅದರ ಬಗ್ಗೆ ಮನೆಯಲ್ಲಿ ಎಂದೂ ಮಾತಾಡಿದವನಲ್ಲ.

ಅವನಿಗೆ ಇನ್ನೊಂದು ಚಿಂತೆಯೂ ಇತ್ತು. ಹೊಳೆಯಾಚೆಯ ರೈತರ ಉದ್ರಿ ಬಾಕಿ ಪುಸ್ತಕದ ತುಂಬ ಇತ್ತು. ಬೇರೆ ರಾಜ್ಯದವರ ಮೇಲೆ ವಸೂಲಿ ಹೇಗೆ? ಮರಾಠಿ ನೆರೆಯವರು ಚಾಷ್ಟಿ ಮಾಡಿದರಂತೆ: "ಕಾಯ ಶೇಟ್, ತುಮಚೇ ಪೈಸೇ ಆತಾ ಮ್ಹೈಸೂರಲಾ ಗೇಲೇ!" ಇಂಡಿ ಕಡೆಯ ಒಬ್ಬ ರೈತನೂ ಬಂದು, "ಸಾವ್ಕಾರ್ರ, ನಾ ಈಗ ಮೈಸೂರಾಂವ. ಸಾಲ ಮಾಡಿದ್ದು ಮುಂಬೈದಾಗ, ಅಲ್ಲೇ ಕೇಳ್ರಿ" ಅಂದನಂತೆ. ಮುತ್ಯಾ ಅಂದದ್ದು: "ಆಗಲೆಪಾ. ಮುಂಬೈದಾಗ ಉಂಡ ಬೆಲ್ಲ ಮೈಸೂರಾಗ ಕಹಿ ಆಗೇದೇನು?"

ಸುಗ್ಗಿ ಮುಗಿದ ಮೇಲೆ ಅವನೇ ಕುಸುಬಿ ಚೀಲ ಹೇರಿಕೊಂಡು ಬಂದ. ಜಮಾ ಬಿದ್ದದ್ದು ಕಿರ್ದಿಯಲ್ಲಿದೆ. ಅಷ್ಟರಲ್ಲಿ 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂದಿತ್ತು. ಆಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆಗಾಗಿ ಇಬ್ಬರೂ ವಾದ ಮಾಡಿದ್ದಾರೆ. ಮುತ್ಯಾ ಕೊನೆಗೆ "ಕಾಲು ಪೈಸೆ ಸೋಡಿ" ಎಂದು ಬರೆದು ಲೆಕ್ಕ ಮುಗಿಸಿದ್ದಾನೆ. ರಾಜ್ಯ ಬದಲಾದದ್ದರ ಬಗ್ಗೆ ಇಡೀ ಪುಸ್ತಕದಲ್ಲಿ ಒಂದು ಸಾಲಿಲ್ಲ. ರೈತನ ಹೆಸರು, ಅಪ್ಪನ ಹೆಸರು, ಊರು, ಇಷ್ಟೇ.

2017ರ ಜುಲೈಯಿಂದ ಜಿಎಸ್‌ಟಿ ಬಂದ ಮೇಲೆ ನನ್ನ ಬಿಲ್ಲಿನಲ್ಲಿ ರಾಜ್ಯದ ನಂಬರು ಬೇಕೇ ಬೇಕು: ಮಹಾರಾಷ್ಟ್ರ 27, ಕರ್ನಾಟಕ 29. ಮೊನ್ನೆ ಹೊಳೆಯಾಚೆಯಿಂದ ಬಂದ ಗಿರಾಕಿಗೆ ಈ ಹೊದಿಕೆ ತೋರಿಸಿ, "ನಿಮಗೂ ನಮಗೂ ನಡುವೆ 28 ಒಂದು ಐತಿ ನೋಡ್ರಿ" ಅಂದೆ. ಅವರು ಪತ್ರಿಕೆಯ ಕಡೆ ನೋಡಲೇ ಇಲ್ಲ. ತಕ್ಕಡಿ ನೋಡುತ್ತ, "ಅದಿರ್ಲಿ ಬಿಡ್ರಿ, ತೂಕ ಸರೀ ಹಿಡೀರಿ" ಅಂದರು.

ಹಿಡಿದೆ.